ಲಾಟೀನಿನ ಚರ್ಚಿನಲ್ಲಿ ಇಂದಿಗೂ ಆರಾಧನೆ ನಡೆಯುತ್ತದೆ

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಅಮೆರಿಕದ ಬಾಸ್ಟನ್ ನಗರದ ಪ್ರವಾಸ ಲೇಖನವನ್ನು ಆಸಕ್ತಿಯಿಂದ ಓದಿದೆ. ಕೆಂಪು ಇಟ್ಟಿಗೆಯ ಗೆರೆಯನ್ನು ಹಿಡಿದು ಎರಡೂವರೆ ಮೈಲಿ ನಡೆದರೆ 16 ಚಾರಿತ್ರಿಕ ತಾಣಗಳನ್ನು ತೋರಿಸುವ ‘ಫ್ರೀಡಂ ಟ್ರೇಲ್’ ಎಂಬ ಹಾದಿಯನ್ನು ಲೇಖಕರು ಸೊಗಸಾಗಿ ಬಣ್ಣಿಸಿದ್ದಾರೆ. ಆ ಹಾದಿಯಲ್ಲಿ ಸಿಗುವ ಓಲ್ಡ್ ನಾರ್ತ್ ಚರ್ಚಿಗೆ ಒಂದು ಪ್ಯಾರಾ ಮೀಸಲಾಗಿದೆ. ಗೋಪುರದಲ್ಲಿ ತೋರಿಸಿದ ಎರಡು ಲಾಟೀನುಗಳ ಕಥೆ, ಎಲ್ಲಿ ನಿಂತರೆ ಫೋಟೊ ಚೆನ್ನಾಗಿ ಬರುತ್ತದೆ ಎಂಬ ಸಲಹೆ, ಒಳಗೆ ನೋಡಿ ಬರಲು ಅರ್ಧ ಗಂಟೆ ಸಾಕು ಎಂಬ ಮಾತು ಎಲ್ಲವೂ ಅಲ್ಲಿವೆ. ಇಲ್ಲದಿರುವುದು ಒಂದೇ ಒಂದು ವಾಕ್ಯ. ಆ ಚರ್ಚಿಗೆ ಸೇರಿದ ಭಕ್ತರ ಸಭೆಯೊಂದು ಈಗಲೂ ಇದೆ, ಪ್ರತಿ ಭಾನುವಾರ ಅಲ್ಲಿ ಆರಾಧನೆ ನಡೆಯುತ್ತದೆ, ಮಕ್ಕಳಿಗೆ ದೀಕ್ಷಾಸ್ನಾನವಾಗುತ್ತದೆ, ಮದುವೆಗಳಾಗುತ್ತವೆ, ತೀರಿಕೊಂಡವರಿಗೆ ಪ್ರಾರ್ಥನೆ ಸಲ್ಲುತ್ತದೆ ಎಂಬ ವಾಕ್ಯ.

ಬಿಟ್ಟುಹೋದ ಒಂದು ವಾಕ್ಯಕ್ಕಾಗಿ ಇಷ್ಟು ದೀರ್ಘವಾಗಿ ಬರೆಯಬೇಕೆ ಎಂದು ತಮಗೆ ಅನ್ನಿಸಬಹುದು. ನಾನು ನಿವೃತ್ತ ಇತಿಹಾಸ ಶಿಕ್ಷಕ. ಮಗಳ ಮನೆಗೆಂದು ಹೋದಾಗ ಮೂರು ತಿಂಗಳು ಬಾಸ್ಟನ್ನಿನ ಹೊರವಲಯದಲ್ಲಿದ್ದೆ. ಆ ಅವಧಿಯಲ್ಲಿ ಈ ಚರ್ಚಿಗೆ ನಾಲ್ಕು ಬಾರಿ ಹೋಗಿದ್ದೇನೆ. ಅಲ್ಲಿ ಒಂದು ಭಾನುವಾರ ಕಣ್ಣಾರೆ ಕಂಡದ್ದನ್ನು ಯಾರಿಗಾದರೂ ಹೇಳಲೇಬೇಕೆಂದು ಅಂದಿನಿಂದಲೂ ಮನಸ್ಸು ಒತ್ತಾಯಿಸುತ್ತಿತ್ತು. ತಮ್ಮ ಲೇಖನ ಅದಕ್ಕೆ ಸಂದರ್ಭ ಒದಗಿಸಿತು.

ಮೊದಲು ಚರಿತ್ರೆಯ ಮಾತು. ಈ ಚರ್ಚಿನ ನಿಜವಾದ ಹೆಸರು ಕ್ರೈಸ್ಟ್ ಚರ್ಚ್. ‘ಓಲ್ಡ್ ನಾರ್ತ್’ ಎಂಬುದು ಜನರ ಬಾಯಲ್ಲಿ ನಿಂತ ಹೆಸರು. 1723ರ ಡಿಸೆಂಬರ್ 29ರಂದು ಇಲ್ಲಿ ಮೊದಲ ಆರಾಧನೆ ನಡೆಯಿತು. ಬಾಸ್ಟನ್ನಿನಲ್ಲಿ ಉಳಿದುಬಂದಿರುವ ಚರ್ಚ್ ಕಟ್ಟಡಗಳಲ್ಲಿ ಇದೇ ಅತ್ಯಂತ ಹಳೆಯದು. ಆಂಗ್ಲಿಕನ್ ಪದ್ಧತಿಗಳನ್ನು ಒಪ್ಪದ ಪ್ಯೂರಿಟನ್ನರು ನೆಲೆಯೂರಿದ್ದ ಆ ಊರಿನಲ್ಲಿ ಇದು ಇಂಗ್ಲೆಂಡಿನ ಆಂಗ್ಲಿಕನ್ ಪಂಥದವರ ಚರ್ಚಾಗಿತ್ತು. ದೇಶ ಸ್ವತಂತ್ರವಾದ ಮೇಲೆ ಅದೇ ಪರಂಪರೆಯ ಎಪಿಸ್ಕೋಪಲ್ ಪಂಥಕ್ಕೆ ಸೇರಿತು. ಅಮೆರಿಕದ ಜನ ಬ್ರಿಟಿಷ್ ದೊರೆಯ ವಿರುದ್ಧ ದಂಗೆಯೇಳುವ ಹೊಸ್ತಿಲಲ್ಲಿದ್ದಾಗ, 1775ರ ಏಪ್ರಿಲ್ 18ರ ರಾತ್ರಿ ಚರ್ಚಿನ ಪರಿಚಾರಕನಾಗಿದ್ದ ರಾಬರ್ಟ್ ನ್ಯೂಮನ್, ಬ್ರಿಟಿಷ್ ಸೈನಿಕರು ದೋಣಿಗಳಲ್ಲಿ ಚಾರ್ಲ್ಸ್ ನದಿಯನ್ನು ದಾಟಿ ಹೊರಟಿದ್ದಾರೆ ಎಂಬುದಕ್ಕೆ ಗುರುತಾಗಿ, ಗೋಪುರದಿಂದ ಎರಡು ಲಾಟೀನುಗಳನ್ನು ಕ್ಷಣಕಾಲ ತೋರಿಸಿದ. ದಂಗೆಯ ಪರವಾಗಿ ಸುದ್ದಿ ಒಯ್ಯುತ್ತಿದ್ದ ಪಾಲ್ ರಿವೀರ್ ನದಿಯಾಚೆ ನಿಂತು ಆ ಬೆಳಕಿಗಾಗಿ ಕಾಯುತ್ತಿದ್ದನೆಂದು ಲೇಖನದಲ್ಲಿ ಬಂದಿದೆ, ಆದರೆ ಹಾಗಿರಲಿಲ್ಲ. ಆ ಸಂಕೇತವನ್ನು ಗೊತ್ತುಪಡಿಸಿದವನೇ ಅವನು; ತಾನು ಬಾಸ್ಟನ್ನಿನಿಂದ ಹೊರಬೀಳುವ ಮೊದಲೇ ಸಿಕ್ಕಿಬಿದ್ದರೂ ಸುದ್ದಿ ತಲುಪಲಿ ಎಂದು ಆಚೆ ದಡದ ಚಾರ್ಲ್ಸ್‌ಟೌನಿನಲ್ಲಿದ್ದ ಸಂಗಾತಿಗಳಿಗಾಗಿ ಅದನ್ನು ಏರ್ಪಡಿಸಿದ್ದ. ಅವನೇ ದಡದಲ್ಲಿ ಕಾದು ನಿಂತಿದ್ದನೆಂಬ ಚಿತ್ರವನ್ನು ಜನಮನದಲ್ಲಿ ಮೂಡಿಸಿದ್ದು ಸುಮಾರು 85 ವರ್ಷಗಳ ಅನಂತರ ಬಂದ ಜನಪ್ರಿಯ ಕವಿತೆಯೊಂದು.

ಲಾಟೀನಿನ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ರಿವೀರನಲ್ಲ, ಆ ಚರ್ಚಿನ ಪೀಠಗಳಲ್ಲಿ ಕೂರುತ್ತಿದ್ದ ಜನ. ಅವರಲ್ಲಿ ಅನೇಕರು ದೊರೆಗೆ ನಿಷ್ಠರಾಗಿದ್ದವರು, ಕೆಲವರು ದಂಗೆಯ ಪರವಾಗಿದ್ದವರು. ಒಂದೇ ಛಾವಣಿಯ ಕೆಳಗೆ ಒಂದೇ ಪ್ರಾರ್ಥನೆಯನ್ನು ಹೇಳುತ್ತಿದ್ದವರು. ಅವರ ಸಭಾಪಾಲಕ ಮ್ಯಾದರ್ ಬೈಲ್ಸ್ ದೊರೆಯ ಪಕ್ಷದವರು. ಲಾಟೀನು ತೋರಿಸಿದ ದಿನವೇ ಅವರಿಗೂ ಆ ಸಭೆಗೂ ಇದ್ದ ಸಂಬಂಧ ಕಡಿದುಹೋಗಿತ್ತು. ಮುಂದೆ 1778ರವರೆಗೆ ಚರ್ಚಿನ ಬಾಗಿಲು ಮುಚ್ಚಿತ್ತು. 1775ರ ಜೂನ್‌ನಲ್ಲಿ ಬಂಕರ್ ಹಿಲ್ ಕದನದಲ್ಲಿ ಮಡಿದ ಬ್ರಿಟಿಷ್ ಮೇಜರ್ ಜಾನ್ ಪಿಟ್‌ಕೇರ್ನನನ್ನು ಹೂಳಿದ್ದು ಇದೇ ಚರ್ಚಿನ ನೆಲಮಾಳಿಗೆಯಲ್ಲಿ. ಮೇಲೆ ಗೋಪುರದಲ್ಲಿ ಬಂಡಾಯದ ಬೆಳಕು, ಕೆಳಗೆ ನೆಲದಲ್ಲಿ ದೊರೆಯ ಸೇನಾಧಿಕಾರಿ. ನಡುವೆ ಪೀಠಗಳಲ್ಲಿ ಕೂತವರು ಒಡೆದುಹೋದ ತಮ್ಮ ಸಭೆಯನ್ನು ಮತ್ತೆ ಕಟ್ಟಿಕೊಂಡರು. ಹೀಗೆ ಕಟ್ಟಿಕೊಂಡವರ ವಾರಸುದಾರರು ಈಗಲೂ ಅಲ್ಲಿ ಕೂರುತ್ತಾರೆ ಎಂಬುದೇ ಆ ಸ್ಥಳದ ಅತಿ ದೊಡ್ಡ ಸಂಗತಿಯೆಂದು ನಾನು ತಿಳಿದಿದ್ದೇನೆ.

ಪೀಠಗಳೆಂದೆ, ಆದರೆ ಅವು ನಾವು ಸಾಮಾನ್ಯವಾಗಿ ಚರ್ಚುಗಳಲ್ಲಿ ನೋಡುವ ಉದ್ದನೆಯ ಬೆಂಚುಗಳಲ್ಲ. ಎದೆಮಟ್ಟದ ಮರದ ಗೋಡೆಯಿಂದ ಸುತ್ತುವರಿದ, ಪುಟ್ಟ ಕೋಣೆಯಂಥ ಪೆಟ್ಟಿಗೆಗಳು. ಒಂದೊಂದಕ್ಕೂ ತಿರುಗುಣಿಯ ಬಾಗಿಲು, ಬಾಗಿಲ ಮೇಲೆ ಸಂಖ್ಯೆ, ಹಿಂದೆ ಅದರ ಒಡೆಯರಾಗಿದ್ದವರ ಹೆಸರಿನ ಫಲಕ. ಅಂದಿನ ಕುಟುಂಬಗಳು ಹಣ ಕೊಟ್ಟು ಈ ಪೆಟ್ಟಿಗೆಗಳನ್ನು ಕೊಳ್ಳುತ್ತಿದ್ದವು. ಕಟ್ಟಡದಲ್ಲಿ ಒಲೆಯಿಲ್ಲದ ಆ ಕಾಲದಲ್ಲಿ ಚಳಿಗಾಲದ ದೀರ್ಘ ಪ್ರಸಂಗ, ಅಂದರೆ ಪಾದ್ರಿಯ ಪ್ರವಚನ, ಮುಗಿಯುವವರೆಗೆ, ಬಿಸಿ ಕೆಂಡ ತುಂಬಿದ ಸಣ್ಣ ಡಬ್ಬಿಗಳನ್ನು ಕಾಲ ಬಳಿ ಇಟ್ಟುಕೊಂಡು ಕೂರುತ್ತಿದ್ದರು. ಎತ್ತರದ ಗೋಡೆ ಗಾಳಿಯನ್ನು ತಡೆಯುತ್ತಿತ್ತು. ಕೊಳ್ಳಲು ಆಗದವರು, ಗುಲಾಮರಾಗಿದ್ದವರು, ಬಿಡುಗಡೆ ಪಡೆದ ಕಪ್ಪು ಜನರು ಮೇಲಿನ ಮಹಡಿಯ ಸಾಲುಗಳಲ್ಲಿ ಕೂರಬೇಕಾಗಿತ್ತು. ಈ ಮಾತನ್ನು ಈಗಿನವರು ಮುಚ್ಚಿಡುವುದಿಲ್ಲ, ಕೇಳಿದವರಿಗೆ ಹೇಳುತ್ತಾರೆ. ಅದನ್ನು ಕಂಡು ನನಗೆ ಗೌರವ ಮೂಡಿತು.

ಮೊದಲ ಸಲ ಹೋದದ್ದು ವಾರದ ದಿನ, ಟಿಕೆಟ್ ಪಡೆದ ಪ್ರವಾಸಿಯಾಗಿ. ಅಂಥ ಒಂದು ಪೆಟ್ಟಿಗೆಯೊಳಗೆ ಹೋಗಿ ಬಾಗಿಲನ್ನು ಎಳೆದುಕೊಂಡು ಕೂತೆ. ಕೂತ ಮೇಲೆ ಅಕ್ಕಪಕ್ಕದವರು ಯಾರೂ ಕಾಣಲಿಲ್ಲ. ಕಾಣುತ್ತಿದ್ದುದು ಎದುರಿನ ಪ್ರಸಂಗಪೀಠ, ಮೇಲೆ 1724ರಲ್ಲಿ ದಾನವಾಗಿ ಬಂದ ಹಿತ್ತಾಳೆಯ ತೂಗುದೀಪಗಳು, ದೊಡ್ಡ ಗಾಜಿನ ಕಿಟಕಿಗಳ ಬೆಳಕು ಇಷ್ಟೇ. ಬಾಗಿಲ ಮೇಲಂಚಿನ ಮರ ನನ್ನ ಅಂಗೈಗೆ ನುಣುಪಾಗಿ ತಾಗಿತು. ಮಗ್ಗುಲಲ್ಲಿ ಒಂದು ಪ್ರಾರ್ಥನಾ ಪುಸ್ತಕವಿತ್ತು. ಅದರ ನಡುವೆ ಯಾರೋ ಮಡಿಸಿ ಇಟ್ಟಿದ್ದ ಚೀಟಿ, ಪೆನ್ಸಿಲಿನಲ್ಲಿ ಬರೆದ ಕೀರ್ತನೆಗಳ ಸಂಖ್ಯೆಗಳು. ಹಿಂದಿನ ಭಾನುವಾರ ಆ ಜಾಗದಲ್ಲಿ ಯಾರೋ ಕೂತು ಹಾಡಿದ್ದರು, ಮುಂದಿನ ಭಾನುವಾರ ಮತ್ತೆ ಬರಲಿದ್ದರು. ಚೀಟಿಯನ್ನು ಇದ್ದಲ್ಲಿಯೇ ಇಟ್ಟೆ. ಚರಿತ್ರೆಯ ಪಾಠ ಹೇಳಿ 30 ವರ್ಷ ಕಳೆದ ನನಗೆ, ಯಾವ ಫಲಕವೂ ತಿಳಿಸದಿದ್ದುದನ್ನು ಆ ಚೀಟಿ ತಿಳಿಸಿತು. ನಾನು ಕೂತದ್ದು ಇನ್ನೊಬ್ಬರ ಜಾಗದಲ್ಲಿ.

ಅದಕ್ಕಾಗಿಯೇ ಮುಂದೊಂದು ಭಾನುವಾರ ಆರಾಧನೆಯ ಹೊತ್ತಿಗೆ ಹೋದೆ. ನಾನು ಕ್ರೈಸ್ತನಲ್ಲ. ಒಳಗೆ ಬರಬಹುದೇ ಎಂಬ ಸಂಕೋಚ ಬಾಗಿಲಲ್ಲಿ ನಿಂತಿದ್ದ ಹಿರಿಯ ಮಹಿಳೆಯೊಬ್ಬರು ಕೈಗೆ ಆರಾಧನೆಯ ಪುಸ್ತಿಕೆಯನ್ನು ಕೊಟ್ಟು, ಪೆಟ್ಟಿಗೆಯ ಬಾಗಿಲನ್ನು ತಾವೇ ತೆರೆದು ಹಿಡಿದಾಗ ಕರಗಿಹೋಯಿತು. ಅಂದು ಟಿಕೆಟಿಲ್ಲ, ಪ್ರಶ್ನೆಯಿಲ್ಲ. ಉಳಿದವರು ಎದ್ದಾಗ ಎದ್ದೆ, ಕೂತಾಗ ಕೂತೆ. ಮೊಣಕಾಲೂರುವಾಗ ಸುಮ್ಮನೆ ತಲೆ ತಗ್ಗಿಸಿದೆ. ಸಮಾಧಾನವನ್ನು ಹಂಚಿಕೊಳ್ಳುವ ಘಳಿಗೆಯಲ್ಲಿ ಅಲ್ಲಿಯವರೆಗೆ ಒಬ್ಬರಿಗೊಬ್ಬರು ಕಾಣದಂತೆ ಕೂತಿದ್ದ ಜನ ತಂತಮ್ಮ ಪೆಟ್ಟಿಗೆಯ ಬಾಗಿಲುಗಳನ್ನು ತೆರೆದು ನಡುದಾರಿಗೆ ಬಂದರು. ಮರದ ಬಾಗಿಲುಗಳು ಒಂದಾದ ಮೇಲೊಂದು ತೆರೆದುಕೊಂಡ ಸದ್ದು ಇನ್ನೂ ಕಿವಿಯಲ್ಲಿದೆ. ಅಪರಿಚಿತನಾದ ನನ್ನ ಕೈಯನ್ನೂ ಹತ್ತು ಹನ್ನೆರಡು ಮಂದಿ ಹಿಡಿದು ಶಾಂತಿಯನ್ನು ಹಾರೈಸಿದರು. ಪ್ರಭುಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ, ಸಮಯದಲ್ಲಿ ಅದನ್ನು ಸ್ವೀಕರಿಸದವರು ಕೂತಲ್ಲಿಯೇ ಇರಬಹುದು. ಅಥವಾ ಮುಂದೆ ಹೋಗಿ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿಟ್ಟುಕೊಂಡರೆ ಪಾದ್ರಿಗಳು ಆಶೀರ್ವಾದವನ್ನಷ್ಟೇ ನೀಡುತ್ತಾರೆ. ನಾನು ಕೂತಲ್ಲಿಯೇ ಇದ್ದೆ. ಯಾರೂ ತಿರುಗಿ ನೋಡಲಿಲ್ಲ.

ಇದಕ್ಕೆ ಮೊದಲು, ಕಾಯಿಲೆಯವರಿಗಾಗಿಯೂ ಅಗಲಿದವರಿಗಾಗಿಯೂ ಪ್ರಾರ್ಥಿಸುವ ಹೊತ್ತಿನಲ್ಲಿ, ನಾನು ಹೇಳಹೊರಟ ಘಟನೆ ನಡೆಯಿತು. ಹಿಂದಿನ ಬಾಗಿಲು ತೆರೆದು ಇಪ್ಪತ್ತರಷ್ಟು ಜನರ ಪ್ರವಾಸಿ ತಂಡವೊಂದು ಒಳಬಂತು. ಬೆಳಗಿನ ಆರಾಧನೆಯ ವೇಳೆ ಪ್ರವಾಸಿಗಳ ವೀಕ್ಷಣೆ ಇರುವುದಿಲ್ಲ ಎಂಬುದು ಅವರನ್ನು ಕರೆತಂದವರಿಗೆ ತಿಳಿದಿರಲಿಲ್ಲವೋ, ತಿಳಿದೂ ಸಮಯ ಹೊಂದಿಸಲು ನುಗ್ಗಿದರೋ ನಾನರಿಯೆ. ಬಂದವರು ಮಾತಾಡುತ್ತಿದ್ದುದು ಕನ್ನಡದಲ್ಲಿ. ‘ಇದೇ ನೋಡ್ರೀ ಲಾಟೀನಿಂದು’ ಎಂದು ಒಬ್ಬರು ಇನ್ನೊಬ್ಬರನ್ನು ಕೂಗಿ ಕರೆದರು. ಫೋನುಗಳು ಮೇಲೆದ್ದವು. ನನ್ನ ಎದುರಿನ ಸಾಲಿನ ಪೆಟ್ಟಿಗೆಯಲ್ಲಿ ಮಧ್ಯವಯಸ್ಸಿನ ಹೆಂಗಸೊಬ್ಬರು ತಲೆ ತಗ್ಗಿಸಿ ಅಳುತ್ತಿದ್ದರು. ಸ್ವಲ್ಪ ಮೊದಲಷ್ಟೇ ಅಗಲಿದವರ ಸಾಲಿನಲ್ಲಿ ಓದಿದ ಹೆಸರೊಂದು ಅವರಿಗೆ ಹತ್ತಿರದವರದ್ದಾಗಿತ್ತೆಂದು ಕಾಣುತ್ತದೆ. ನಡುದಾರಿಯಲ್ಲಿ ಮುಂದಕ್ಕೆ ಬಂದಿದ್ದ ಯುವಕನೊಬ್ಬ ಆ ಪೆಟ್ಟಿಗೆಯ ಗೋಡೆಯ ಮೇಲಿನಿಂದ ಫೋನು ಚಾಚಿ, ಪ್ರಾರ್ಥಿಸುತ್ತಿದ್ದ ಅವರನ್ನು ವಿಡಿಯೊ ಮಾಡಿಕೊಂಡ. ಅವರು ತಲೆ ಎತ್ತಿದರು, ಕ್ಯಾಮೆರಾ ಕಂಡಿತು, ಪುಸ್ತಕವನ್ನು ಮುಚ್ಚಿ ಮುಖಕ್ಕೆ ಅಡ್ಡ ಹಿಡಿದರು.

ಬಾಗಿಲ ಬಳಿಯಿದ್ದ ಮಹಿಳೆ ಬಂದು, ಕೂರುವುದಾದರೆ ಜಾಗವಿದೆ, ನೋಡುವುದಾದರೆ ಆರಾಧನೆ ಮುಗಿದ ಮೇಲೆ ಬನ್ನಿ ಎಂದು ಮೆಲ್ಲಗೆ ಹೇಳಿದರು. ವಯಸ್ಸಾದ ದಂಪತಿ ಇಬ್ಬರು ಕೂತರು, ಕೊನೆಯವರೆಗೂ ಕೂತಿದ್ದರು ಎಂಬುದನ್ನು ಸಂತೋಷದಿಂದ ದಾಖಲಿಸುತ್ತೇನೆ. ಉಳಿದವರು, ಇಷ್ಟು ದೂರ ಬಂದೂ ನೋಡಲು ಬಿಡಲಿಲ್ಲವಲ್ಲ ಎಂದು ಗೊಣಗುತ್ತ ಹೊರಟರು. ನನಗೆ ಅಂದು ಆದ ನಾಚಿಕೆಯನ್ನು ಬರಹದಲ್ಲಿ ಹೇಳುವುದು ಕಷ್ಟ. ಆ ಯುವಕ ಕೆಟ್ಟವನೆಂದು ನಾನು ಹೇಳುವುದಿಲ್ಲ. ನಮ್ಮ ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಕಣ್ಮುಚ್ಚಿ ನಿಂತ ಹೆಂಗಸಿನ ಮುಖಕ್ಕೆ ಅವನು ಎಂದೂ ಫೋನು ಹಿಡಿದಿರಲಾರ. ಅದು ದೇವರ ಮನೆಯೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದು ಕೂಡ ಅಂಥದ್ದೇ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಅವನ ಟಿಕೆಟಿನಲ್ಲಿ, ಅವನ ತಂಡದ ವೇಳಾಪಟ್ಟಿಯಲ್ಲಿ, ಅವನು ಓದಿ ಬಂದಿರಬಹುದಾದ ಪ್ರವಾಸ ಲೇಖನಗಳಲ್ಲಿ ಅದು ‘ನೋಡಬೇಕಾದ ಸ್ಥಳ’.

ಆರಾಧನೆ ಮುಗಿದ ಮೇಲೆ ಕಾಫಿಗೆ ಕರೆದರು. ನನ್ನ ಭಾಷೆಯವರಿಂದ ಹೀಗಾಯಿತೆಂದು ಕ್ಷಮೆ ಕೇಳಿದೆ. ಸಭೆಯ ಹಿರಿಯರೊಬ್ಬರು ಅದನ್ನು ದೊಡ್ಡದು ಮಾಡಲಿಲ್ಲ. ಎಲ್ಲ ದೇಶದವರಿಂದಲೂ ಆಗುತ್ತದೆ, ತಮ್ಮ ದೇಶದವರಿಂದಲೇ ಹೆಚ್ಚು ಎಂದರು. ಬರುವವರನ್ನು ತಡೆಯುವ ಮನಸ್ಸು ತಮಗಿಲ್ಲ, ಬಂದವರು ಐದು ನಿಮಿಷ ಕೂತರೆ ತಾವಾಗಿಯೇ ತಿಳಿದುಕೊಳ್ಳುತ್ತಾರೆ ಎಂಬುದು ಅವರ ಅನುಭವ. ಅಷ್ಟರಲ್ಲಿ ಗೋಪುರದಿಂದ ಗಂಟೆಗಳ ನಾದ ಕೇಳಿಬಂತು. ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ 1744ರಲ್ಲಿ ಏಬೆಲ್ ರಡಾಲ್ ಎರಕ ಹೊಯ್ದ ಎಂಟು ಗಂಟೆಗಳು ಅವು. ಒಬ್ಬೊಬ್ಬರು ಒಂದೊಂದು ಹಗ್ಗ ಹಿಡಿದು, ರಾಗವನ್ನಲ್ಲ, ಬದಲಾಗುತ್ತ ಹೋಗುವ ಕ್ರಮಗಳನ್ನು ಲೆಕ್ಕವಿಟ್ಟು ಬಾರಿಸುತ್ತಾರೆ. ಹದಿಹರೆಯದಲ್ಲಿ ಪಾಲ್ ರಿವೀರ್ ಇಲ್ಲಿ ಗಂಟೆ ಬಾರಿಸುವ ಹುಡುಗರ ಗುಂಪಿನಲ್ಲಿದ್ದ, ಇಂದು ಅಲ್ಲಿಗೆ ಸಮೀಪದ ತಾಂತ್ರಿಕ ವಿಶ್ವವಿದ್ಯಾಲಯವಾದ ಎಂ.ಐ.ಟಿ.ಯ ಗಂಟೆಗಾರರ ಬಳಗ ಆ ಕೆಲಸ ಮಾಡುತ್ತದೆ. ಹಗ್ಗ ಹಿಡಿಯುವವರಿಲ್ಲದಿದ್ದರೆ ಆ ಎಂಟು ಗಂಟೆಗಳು ಬರಿಯ ಕಂಚು.

ಇಂಥ ಚರ್ಚುಗಳ ಮುಂದಿರುವ ಕಷ್ಟವೂ ಸಣ್ಣದಲ್ಲ. ಹಳೆಯ ಕಟ್ಟಡವನ್ನು ಕಾಪಾಡಲು ಹಣ ಬೇಕು, ಅಷ್ಟು ಹಣ ಸಣ್ಣ ಸಭೆಯೊಂದರ ಕಾಣಿಕೆ ತಟ್ಟೆಯಿಂದ ಹುಟ್ಟುವುದಿಲ್ಲ. ಓಲ್ಡ್ ನಾರ್ತಿನ ಗೋಪುರದ ಶಿಖರ 1804ರಲ್ಲೊಮ್ಮೆ ಬಿರುಗಾಳಿಗೆ ಉರುಳಿತು, 1954ರಲ್ಲಿ ‘ಕ್ಯಾರೊಲ್’ ಚಂಡಮಾರುತಕ್ಕೆ ಮತ್ತೊಮ್ಮೆ ಉರುಳಿತು. ಎರಡು ಸಲವೂ ಮತ್ತೆ ಕಟ್ಟಿದ್ದಾರೆ. ಅಲ್ಲಿನವರು 1991ರಲ್ಲಿ ಒಂದು ಜಾಣತನದ ವ್ಯವಸ್ಥೆ ಮಾಡಿಕೊಂಡರು. ಚಾರಿತ್ರಿಕ ತಾಣದ ಹೊಣೆ, ಪ್ರವಾಸಿಗಳ ಟಿಕೆಟು, ವಿವರಣೆ, ಸಂರಕ್ಷಣೆ ಇವೆಲ್ಲವನ್ನೂ ಮತಕ್ಕೆ ಸಂಬಂಧವಿಲ್ಲದ ಪ್ರತ್ಯೇಕ ಸಂಸ್ಥೆಯೊಂದು ನೋಡಿಕೊಳ್ಳುತ್ತದೆ, ಆರಾಧನೆ ಸಭೆಯದ್ದು. ಹಾಗಾಗಿ ಟಿಕೆಟಿನ ಹಣ ಕೊಟ್ಟವನು ಪ್ರಾರ್ಥನೆಯನ್ನು ಕೊಂಡಂತಾಗುವುದಿಲ್ಲ, ಪ್ರಾರ್ಥನೆಗೆ ಬಂದವನು ಹಣ ಕೊಡಬೇಕಾಗಿಲ್ಲ.

ಎಲ್ಲ ಕಡೆಯೂ ಇದು ಇಷ್ಟು ಸುಲಭವಾಗಿ ಬಗೆಹರಿದಿಲ್ಲ. 2019ರ ಏಪ್ರಿಲ್ 15ರಂದು ಬೆಂಕಿಗೆ ತುತ್ತಾದ ಪ್ಯಾರಿಸ್ಸಿನ ನೋತ್ರ್‌ದಾಮ್ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯುವ ಮುನ್ನ, ಪ್ರವಾಸಿಗಳಿಂದ 5 ಯೂರೊ ಪಡೆದು ದೇಶದ ಇತರ ಹಳೆಯ ಚರ್ಚುಗಳ ದುರಸ್ತಿಗೆ ಬಳಸೋಣವೆಂದು ಫ್ರಾನ್ಸಿನ ಸಂಸ್ಕೃತಿ ಸಚಿವೆ ರಶೀದಾ ದಾತಿ ಸೂಚಿಸಿದರು. ದೇವಾಲಯದ ಬಾಗಿಲು ಯಾರಿಗೂ ಬೆಲೆಯಿಲ್ಲದೆ ತೆರೆದಿರಬೇಕೆಂದು ಚರ್ಚಿನವರು ಒಪ್ಪಲಿಲ್ಲ. ಭಕ್ತ ಯಾರು, ಪ್ರವಾಸಿ ಯಾರು ಎಂದು ಬಾಗಿಲಲ್ಲಿ ನಿಂತು ವಿಂಗಡಿಸುವವರು ಯಾರು? ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪ್ರವಾಸಿಗಳಿಗೆ ಶುಲ್ಕವಿದೆ, ಆರಾಧನೆಗೆ ಇಲ್ಲ. 1066ರಿಂದ ಪಟ್ಟಾಭಿಷೇಕಗಳನ್ನು ಕಂಡ ಆ ಸ್ಥಳದಲ್ಲಿ ಜನಜಂಗುಳಿ ಸುತ್ತಾಡುತ್ತಿರುವಾಗಲೇ ಗಂಟೆಗೊಮ್ಮೆ ಪಾದ್ರಿಯೊಬ್ಬರು ಎಲ್ಲರನ್ನೂ ಒಂದು ನಿಮಿಷ ನಿಲ್ಲಲು ಕೇಳಿಕೊಂಡು ಪ್ರಾರ್ಥಿಸುತ್ತಾರೆ. ಎಷ್ಟು ಹಿತವಾದ ಉಪಾಯವಿದು! ಗದರಿಕೆಯಿಲ್ಲ, ನಿಷೇಧದ ಫಲಕವಿಲ್ಲ. ಎಲ್ಲಿ ನಿಂತಿದ್ದೇವೆಂಬ ನೆನಪು ಮಾತ್ರ.

ಸಭೆ ಇರುವ ಚರ್ಚು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಮ್ಯೂಸಿಯಮ್ಮಿನಂತೆ ಒಂದೇ ವರ್ಷದಲ್ಲಿ ನಿಂತಿರುವುದಿಲ್ಲ ಎಂಬುದಕ್ಕೂ ಓಲ್ಡ್ ನಾರ್ತಿನಲ್ಲಿ ಒಂದು ಚೆಂದದ ಸಾಕ್ಷಿಯಿದೆ. 1730ರ ಸುಮಾರಿಗೆ ಆ ಸಭೆಗೇ ಸೇರಿದ್ದ ಜಾನ್ ಗಿಬ್ಸ್ ಎಂಬ ಚಿತ್ರಕಾರ ಕಮಾನುಗಳ ಮೇಲೆ ದೇವದೂತರ ಮುಖಗಳನ್ನು ಬಣ್ಣಗಳಲ್ಲಿ ಬರೆದಿದ್ದ. ಇಪ್ಪತ್ತನೆಯ ಶತಮಾನ ಬರುವ ಹೊತ್ತಿಗೆ ಸುತ್ತಲಿನ ಕೇರಿ ಇಟಲಿಯಿಂದ ವಲಸೆ ಬಂದ ಕ್ಯಾಥೊಲಿಕ್ ಕುಟುಂಬಗಳದ್ದಾಗಿ ಸಭೆ ಕ್ಷೀಣಿಸಿತ್ತು. ಅದಕ್ಕೆ ಮತ್ತೆ ಜೀವ ತುಂಬಲು 1912ರಲ್ಲಿ ನಡೆದ ಜೀರ್ಣೋದ್ಧಾರದಲ್ಲಿ ಪೆಟ್ಟಿಗೆ ಪೀಠಗಳನ್ನು ಹಳೆಯ ಮಾದರಿಗೆ ತಂದರು. ಪೂರ್ವಿಕರ ಚರ್ಚು ಸರಳವೂ ಬಿಳಿಯೂ ಆಗಿತ್ತೆಂಬ ನಂಬಿಕೆಯಿಂದ ದೇವದೂತರ ಮೇಲೆ ದಪ್ಪಗೆ ಬಿಳಿಯ ಬಣ್ಣವನ್ನೂ ಬಳಿದರು. ಶತಮಾನ ಕಳೆದ ಮೇಲೆ ಈಚಿನ ವರ್ಷಗಳಲ್ಲಿ ಸಂರಕ್ಷಕರು ಆ ಬಿಳಿಯನ್ನು ಪದರ ಪದರವಾಗಿ ತೆಗೆಯಲು, ರೆಕ್ಕೆಯ ನಡುವಿನ ದುಂಡು ಮುಖಗಳು ಒಂದೊಂದಾಗಿ ಹೊರಬಂದಿವೆ. ಬರೆದವರೂ, ಪ್ರೀತಿಯಿಂದಲೇ ಅಳಿಸಿದವರೂ, ಮತ್ತೆ ತೆರೆದು ನೋಡಲು ಒಪ್ಪಿದವರೂ ಅಲ್ಲಿಗೆ ಸೇರಿದವರು. ಅವರ ತಪ್ಪೂ ತಿದ್ದುಪಡಿಯೂ ಆ ಗೋಡೆಯ ಮೇಲಿವೆ.

ಚರ್ಚಿನ ಮಗ್ಗುಲಲ್ಲಿರುವ ಸಣ್ಣ ತೋಟದ ಸಂಗತಿ ತಮ್ಮ ಲೇಖನದಲ್ಲಿ ಬಂದಿಲ್ಲ. ಅವಸರದಲ್ಲಿ ನೋಡುವವರಿಗೆ ಅದು ಕಾಣುವುದೂ ಇಲ್ಲ. ಅಲ್ಲಿ ಕಂಬಗಳ ನಡುವೆ ಎಳೆದ ತಂತಿಗಳಿಗೆ, ಸೈನಿಕರು ಕೊರಳಲ್ಲಿ ಧರಿಸುವಂಥ ಲೋಹದ ಗುರುತುಬಿಲ್ಲೆಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕಟ್ಟಿದ್ದಾರೆ. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಮಡಿದ ಒಬ್ಬೊಬ್ಬ ಅಮೆರಿಕನ್ ಸೈನಿಕನಿಗೆ ಒಂದೊಂದು. ಬಿಲ್ಲೆಗಳ ಮೇಲೆ ಏನೂ ಬರೆದಿಲ್ಲ. ಗಾಳಿ ಬೀಸಿದಾಗ ಅವು ಒಂದಕ್ಕೊಂದು ತಾಗಿ, ದೂರದಿಂದ ಮಳೆ ಬರುತ್ತಿರುವಂತೆ ಸಣ್ಣಗೆ ಸದ್ದಾಗುತ್ತದೆ. ಇದನ್ನು ಮಾಡಿದ್ದು ಸರ್ಕಾರವಲ್ಲ, ಪ್ರವಾಸೋದ್ಯಮವಲ್ಲ, ಆ ಸಭೆ. 1775ರ ಯುದ್ಧದ ನೆನಪಿಗಾಗಿ ಜನ ಬರುವ ಸ್ಥಳದಲ್ಲಿ ತಮ್ಮ ಕಾಲದ ಯುದ್ಧದ ಸತ್ತವರನ್ನು ಅವರು ನೆನೆಯುತ್ತಾರೆ. ನ್ಯೂಯಾರ್ಕಿನಲ್ಲಿ 1766ರಷ್ಟು ಹಳೆಯದಾದ ಸೇಂಟ್ ಪಾಲ್ಸ್ ಚಾಪೆಲ್ ಕೂಡ, 2001ರ ಸೆಪ್ಟೆಂಬರ್ 11ರಂದು ಎದುರಿನ ಜೋಡಿ ಗೋಪುರಗಳು ಕುಸಿದ ಮೇಲೆ, ಅವಶೇಷಗಳನ್ನು ತೆರವು ಮಾಡುತ್ತಿದ್ದವರಿಗೆ ತಿಂಗಳುಗಟ್ಟಲೆ ಊಟ ಕೊಟ್ಟು, ಮಲಗಲು ಜಾಗ ಕೊಟ್ಟಿತ್ತು. ಸಭೆಯಿಲ್ಲದ ಬರಿಯ ಸ್ಮಾರಕಕ್ಕೆ ಇದು ಸಾಧ್ಯವಿರಲಿಲ್ಲ.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಜಗತ್ತಿನ ಯಾವ ಊರಿನದೇ ಆಗಲಿ, ಹಳೆಯ ಚರ್ಚೊಂದರ ಬಗ್ಗೆ ಪ್ರವಾಸ ಲೇಖನ ಬಂದಾಗ, ಅಲ್ಲಿ ಆರಾಧನೆ ನಡೆಯುತ್ತಿದ್ದರೆ ಆ ಸಂಗತಿಯನ್ನು ಮೊದಲ ಪ್ಯಾರಾದಲ್ಲಿಯೇ ತಿಳಿಸುವ ಪದ್ಧತಿಯನ್ನು ದಯವಿಟ್ಟು ರೂಢಿಸಿ. ಪ್ರವೇಶ ಶುಲ್ಕ, ಹತ್ತಿರದ ನಿಲ್ದಾಣ ಇವುಗಳ ಜತೆಗೆ ಆರಾಧನೆಯ ವೇಳೆ ಯಾವುದು, ಪ್ರವಾಸಿಗಳ ವೇಳೆ ಯಾವುದು ಎಂಬುದನ್ನೂ ಚರ್ಚಿನ ಜಾಲತಾಣದಲ್ಲಿ ನೋಡಿಕೊಂಡು ಹೊರಡಬೇಕೆಂದು ಓದುಗರಿಗೆ ನೆನಪಿಸಿ. ಖಾಲಿ ಕಟ್ಟಡದ ಫೋಟೊ ಬೇರೆ, ಪ್ರಾರ್ಥಿಸುವವರ ಫೋಟೊ ಬೇರೆ ಎಂಬ ವ್ಯತ್ಯಾಸವನ್ನು ಸ್ಪಷ್ಟವಾಗಿ ಬರೆಯಿರಿ. ಹೊರದೇಶಗಳಿಗೆ ತಂಡಗಳನ್ನು ಕರೆದೊಯ್ಯುವ ನಮ್ಮವರು ಭಾನುವಾರ ಬೆಳಗಿನ ಹೊತ್ತಿಗೆ ಚರ್ಚುಗಳನ್ನು ಇಟ್ಟುಕೊಳ್ಳದಿರುವುದು ಒಳ್ಳೆಯದು. ಇಟ್ಟುಕೊಳ್ಳಲೇಬೇಕಾದರೆ ಒಂದು ಗಂಟೆ ಕೂರುವ ಮನಸ್ಸಿರುವವರನ್ನು ಮಾತ್ರ ಒಳಗೆ ಕರೆದೊಯ್ಯಲಿ. ಅಂಥ ಮನಸ್ಸಿರುವ ಯಾರೂ, ಯಾವ ಮತದವರೂ ಹಿಂಜರಿಯಬೇಕಾಗಿಲ್ಲ. ಬಾಗಿಲಲ್ಲಿ ನಿಂತವರಿಗೆ ತಾವು ಅತಿಥಿಯೆಂದು ಹೇಳಿದರೆ ಜಾಗ ತೋರಿಸುತ್ತಾರೆ. ಕಾಣಿಕೆ ತಟ್ಟೆ ಮುಂದೆ ಬಂದಾಗ ಹಾಕಲೇಬೇಕೆಂಬ ಕಡ್ಡಾಯವಿಲ್ಲ.

ಊರಿಗೆ ಮರಳುವ ವಾರ ನಾಲ್ಕನೆಯ ಸಲ ಅಲ್ಲಿಗೆ ಹೋಗಿದ್ದೆ, ಭಾನುವಾರವೇ. ಕ್ಯಾಮೆರಾಕ್ಕೆ ಪುಸ್ತಕ ಅಡ್ಡ ಹಿಡಿದಿದ್ದ ಆ ಹೆಂಗಸು ಅದೇ ಪೆಟ್ಟಿಗೆಯಲ್ಲಿದ್ದರು. ಸಮಾಧಾನ ಹಂಚಿಕೊಳ್ಳುವ ಹೊತ್ತಿಗೆ ಬಾಗಿಲು ತೆರೆದು ಹೊರಬಂದು ನನ್ನ ಕೈ ಹಿಡಿದರು. ಅಂದು ಬಂದಿದ್ದವರ ಭಾಷೆಯೂ ನನ್ನ ಭಾಷೆಯೂ ಒಂದೇ ಎಂಬುದು ಅವರಿಗೆ ತಿಳಿದಿರಲಿಲ್ಲ, ಹೇಳುವ ಧೈರ್ಯ ನನಗಾಗಲಿಲ್ಲ. ತಮ್ಮ ಪುರವಣಿಯ ಮುಂದಿನ ಸಂಚಿಕೆಯಲ್ಲಿ, ಬಾಸ್ಟನ್ ಲೇಖನಕ್ಕೆ ಸೇರಿಸಿದ ತಿದ್ದುಪಡಿಯಾಗಿ, ಓಲ್ಡ್ ನಾರ್ತ್ ಚರ್ಚಿನಲ್ಲಿ ಪ್ರತಿ ಭಾನುವಾರ ಆರಾಧನೆ ನಡೆಯುತ್ತದೆ ಎಂಬ ಆ ಒಂದು ವಾಕ್ಯವನ್ನು ಅಚ್ಚು ಹಾಕಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಶಿಕ್ಷಕ